ಜೇನ್ನೊಣದ ರಕ್ಷಣೆಯೂ ಗ್ರಾಮಸ್ಥರ ಕರ್ತವ್ಯವೂ

ಪರಾಗಸ್ಪರ್ಶದ ಬೆಲೆಯನ್ನು ಮಾಸೂರು ಸೀಮೆಯ ಜಮೀನುದಾರರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಹಿರೇಕೆರೂರು, ರಾಣೇಬೆನ್ನೂರು ಕಡೆಗಳಲ್ಲಿ ಹತ್ತಿ ಮತ್ತು ಕಾಯಿಪಲ್ಲೆಗಳ ಸಂಕರಣ ಬೀಜವನ್ನು ಬೆಳೆಸುವಾಗ ಆಳುಗಳು ಒಂದೊಂದು ಹೂವಿಗೂ ಕೈಯಿಂದಲೇ ಪರಾಗವನ್ನು ಮುಟ್ಟಿಸುತ್ತಾರೆ. ಅದಕ್ಕೆ ತಗಲುವ ಕೂಲಿ ಎಷ್ಟೆಂಬುದನ್ನು ಬೀಜ ಬೆಳೆಸಿದವರೆಲ್ಲರೂ ಬಲ್ಲರು. ಬೀಜದ ಹೊಲದ ಹೊರಗೆ ಇದೇ ಕೆಲಸವನ್ನು ಕೂಲಿ ಬೇಡದೆ ಮಾಡತಕ್ಕದ್ದು ಜೇನ್ನೊಣವು. ಹಾಗಿದ್ದೂ ಅದರ ಗೂಡಿಗೆ ಕೊಳ್ಳಿಯಿಡುವುದೂ, ಅದು ಕುಳಿತ ಹೂವಿಗೆ ವಿಷವೆರಚುವುದೂ ನಡೆದೇ ಇರುತ್ತವೆ.

ಎಲ್ಲ ಪೈರುಗಳಿಗೂ ಜೇನು ಅವಶ್ಯವೆಂದಲ್ಲ. ಭತ್ತವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಗಟ್ಟುವುದು. ಗೋವಿನಜೋಳಕ್ಕೆ ಗಾಳಿಯೇ ಸಾಕು. ಆದರೆ ಸೌತೆ, ಹೀರೆ, ಕುಂಬಳಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಹುಳವು ನಡುವೆ ಸಂಚರಿಸದಿದ್ದರೆ ಹೀಚು ಉದುರಿಹೋಗುವುದು. ಸೂರ್ಯಕಾಂತಿಗೆ ಜೇನು ಬಾರದಿದ್ದರೆ ಜೊಳ್ಳು ಹೆಚ್ಚುವುದು. ಉಳ್ಳಾಗಡ್ಡಿಯ ಬೀಜಕ್ಕೂ ಹುಳಗಳ ಸಹಾಯವು ಬೇಕು.

ಹೆಜ್ಜೇನು, ಕೋಲುಜೇನು, ತುಡುವೆ, ಕುಟುಕದ ಸಣ್ಣ ಮಿಸರಿ ಎಂಬ ನಾಲ್ಕು ಬಗೆಯ ಜೇನುಗಳು ಈ ನಾಡಿನವು. ಇವುಗಳಲ್ಲಿ ಪೆಟ್ಟಿಗೆಯಲ್ಲಿ ಸಾಕಲು ಒದಗುವವು ತುಡುವೆ ಮತ್ತು ಮಿಸರಿ. ಹೆಜ್ಜೇನನ್ನು ಸಾಕಲಾಗದು, ಕಾಪಾಡಬಹುದು. ಪಂಜು ಹಿಡಿದು ಗೂಡನ್ನು ಸುಟ್ಟರೆ ನೊಣಗಳೂ ಮರಿಗಳೂ ಒಟ್ಟಿಗೆ ನಾಶವಾಗುತ್ತವೆ. ಹೆಜ್ಜೇನಿನ ತುಪ್ಪವು ಹಲ್ಲೆಯ ಮೇಲ್ಭಾಗದಲ್ಲಿರುವುದರಿಂದ, ಹೊಗೆಯಿಂದ ನೊಣಗಳನ್ನು ಸರಿಸಿ ಆ ಭಾಗವನ್ನು ಮಾತ್ರ ಕೊಯ್ದು, ಮರಿಗಳಿರುವ ಭಾಗವನ್ನು ಬಿಡತಕ್ಕದ್ದು.

ಪೆಟ್ಟಿಗೆಯ ಜೇನನ್ನು ಸಾಕುವವರಿಗೂ ಹೊಣೆಯುಂಟು. ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವಿಷಾಣು ರೋಗವು ದಕ್ಷಿಣ ಭಾರತದಲ್ಲಿ ಹರಡಿ ತುಡುವೆ ಸಂಸಾರಗಳ ಬಹುಭಾಗವನ್ನು ಹಾಳುಮಾಡಿತು. ಜೇನಿಗೆ ಹೆಸರಾದ ಕೊಡಗಿನಲ್ಲಿಯೂ ಪೆಟ್ಟಿಗೆಗಳು ಬರಿದಾದುವು. ಈ ರೋಗ ತಗಲಿದ ಮರಿಯು ನೀರು ತುಂಬಿದ ಚೀಲದಂತಾಗಿ ಕೋಶದಲ್ಲಿಯೇ ಸಾಯುವುದು. ಅಂತಹ ಪೆಟ್ಟಿಗೆಯನ್ನು ಬೇರೂರಿಗೆ ಸಾಗಿಸಕೂಡದು. ಅದರ ಹಲ್ಲೆಗಳನ್ನು ಬೇರೊಂದು ಪೆಟ್ಟಿಗೆಗೆ ಇಡಲೂ ಕೂಡದು. ತುಪ್ಪವನ್ನೆಲ್ಲ ಬಸಿದುಕೊಳ್ಳದೆ ಮಳೆಗಾಲಕ್ಕೆ ಸಾಕಷ್ಟು ಉಳಿಸಬೇಕು. ಸಾಲದಿದ್ದರೆ ಸಕ್ಕರೆಯ ಪಾಕವನ್ನು ಕೊಡಬೇಕು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಡಬೇಕು.

ಇನ್ನು ಔಷಧದ ವಿಷಯ. ಪೈರು ಹೂವಾಡುತ್ತಿರುವಾಗ ಕೀಟನಾಶಕವನ್ನು ಸಿಂಪಡಿಸದಿರುವುದೇ ಮೇಲು. ತಪ್ಪಿಸಲಾಗದಿದ್ದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆಯ ಹೊತ್ತಿನಲ್ಲಿ ಸಿಂಪಡಿಸತಕ್ಕದ್ದು. ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಔಷಧಗಳು ಗಿಡದೊಳಗೆ ಹರಿದು ಮಕರಂದಕ್ಕೂ ಪರಾಗಕ್ಕೂ ಸೇರಬಲ್ಲವು. ಈ ಕಾರಣದಿಂದಲೇ ಯುರೋಪಿನ ಒಕ್ಕೂಟವು ೨೦೧೮ರಲ್ಲಿ ಇದೂ ಸೇರಿ ಮೂರು ಔಷಧಗಳನ್ನು ಬಯಲು ಹೊಲಗಳಲ್ಲಿ ಬಳಸದಂತೆ ನಿಷೇಧಿಸಿತು.

ಗೋವಿನಜೋಳದ ಹೂವಿನಲ್ಲಿ ಪರಾಗವುಂಟು, ಮಕರಂದವಿಲ್ಲ. ಆದಕಾರಣ ಆ ಪೈರೇ ಹಬ್ಬಿದ ಬಯಲಿನಲ್ಲಿ ಬದುವಿನ ಹೊಂಗೆ, ಬೇವು, ಹುಣಿಸೆ, ನೇರಲ ಮರಗಳೇ ಜೇನಿಗೆ ಆಧಾರ. ಅವುಗಳನ್ನು ಕಡಿಯದೆ, ಇಲ್ಲದೆಡೆ ನೆಡಿಸುವುದು ಯುಕ್ತ.

ಈ ವಿಚಾರಗಳನ್ನು ಊರವರಿಗೆ ಮನಗಾಣಿಸಲು ಶಾಲೆಯೇ ತಕ್ಕ ಸ್ಥಳ. ಕುಂಬಳದ ಬಳ್ಳಿಯಲ್ಲಿ ಮರುದಿನ ಅರಳಲಿರುವ ಎರಡು ಹೆಣ್ಣುಹೂವುಗಳನ್ನು ಆರಿಸಿ, ಒಂದಕ್ಕೆ ಸಂಜೆಯೇ ತೆಳುಬಟ್ಟೆಯನ್ನು ಕಟ್ಟಿಸಬೇಕು; ಇನ್ನೊಂದನ್ನು ಹಾಗೆಯೇ ಬಿಡಬೇಕು. ಕಟ್ಟಿದ ಹೂವಿನ ಹೀಚು ಕೆಲವು ದಿನಗಳಲ್ಲಿ ಬಾಡುವುದು. ಜೇನು ಮುಟ್ಟಿದುದು ಕಾಯಾಗುವುದು. ಇದನ್ನು ಕಣ್ಣಾರೆ ಕಂಡ ಮಗುವು ಮನೆಯಲ್ಲಿ ಹೇಳುವ ಮಾತು ಹತ್ತು ಭಾಷಣಗಳಿಗಿಂತ ಹೆಚ್ಚು ನಾಟುವುದು.

ಜೇನಿಗೆ ಸರ್ವೆ ನಂಬರಿನ ಗಡಿಯಿಲ್ಲ. ತುಡುವೆಯು ಗೂಡಿನಿಂದ ಸುಮಾರು ಒಂದು ಕಿಲೋಮೀಟರಿನವರೆಗೆ ಮೇಯುವುದರಿಂದ, ಒಬ್ಬನು ಬೆಳಗಿನಲ್ಲಿ ಎರಚಿದ ವಿಷವು ನೆರೆಯವನ ಬೆಳೆಯನ್ನು ತಗ್ಗಿಸುವುದು. ಆದುದರಿಂದ ಇದು ಒಬ್ಬೊಬ್ಬರ ಇಚ್ಛೆಗೆ ಬಿಡುವ ವಿಷಯವಲ್ಲ. ಗ್ರಾಮದ ಮುಖ್ಯಸ್ಥರು ಗ್ರಾಮಸಭೆಯಲ್ಲಿ ಸಿಂಪಡಣೆಯ ಹೊತ್ತನ್ನು ಗೊತ್ತುಪಡಿಸಿ, ಹೆಜ್ಜೇನನ್ನು ಸುಡದಂತೆ ಕಟ್ಟುಮಾಡಬೇಕು. ಸಾಕಣೆಯನ್ನು ಕಲಿಯಲಿಚ್ಛಿಸುವವರು ತೋಟಗಾರಿಕೆ ಇಲಾಖೆಯನ್ನಾಗಲಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಬಹುದು. ಮುಂದಿನ ಹಂಗಾಮಿನ ಹೂವು ಅರಳುವ ಮೊದಲೇ ಈ ಕಟ್ಟಳೆ ನಡೆಯಲ್ಲಿ ಬಂದರೆ ಅದರ ಲಾಭವು ಆ ವರ್ಷದ ರಾಶಿಯಲ್ಲಿಯೇ ಕಾಣಿಸುವುದು.