ಕುಷ್ಠರೋಗ ರಕ್ತದಲ್ಲಿ ಬರುತ್ತದೆಯೇ?

“ಸಿಸ್ಟರ್, ಹುಡುಗಿ ಚೆನ್ನಾಗಿದ್ದಾಳೆ. ಆದ್ರೆ ಅವಳ ಅಜ್ಜಿಗೆ ದೊಡ್ಡ ರೋಗ ಇತ್ತಂತೆ. ಆ ಮನೆಯಿಂದ ಹೆಣ್ಣು ತರಬಹುದಾ?” ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದ ಮಾತಿದು. ದೊಡ್ಡ ರೋಗ ಅಂದರೆ ಕುಷ್ಠರೋಗ. ಹೆಸರು ಹೇಳಲೂ ಭಯ. ಮೂಢನಂಬಿಕೆ ಅಂತ ಗದರಿಸಿ ಪ್ರಯೋಜನವಿಲ್ಲ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ನಂಬಿದ್ದರು.

ನಾರ್ವೆ ದೇಶದ ಬರ್ಗೆನ್ ಪಟ್ಟಣದ ಪ್ರಸಿದ್ಧ ವೈದ್ಯ ಡ್ಯಾನಿಯಲ್‌ಸನ್, ಈ ರೋಗ ವಂಶಪಾರಂಪರ್ಯವಾಗಿ ಬರುತ್ತದೆ ಎನ್ನುತ್ತಿದ್ದರು. ಒಂದೇ ಮನೆಯಲ್ಲಿ ಹಲವರಿಗೆ ಬಂದದ್ದನ್ನು ಕಂಡರೆ ಹಾಗನ್ನಿಸುವುದು ಸಹಜ. ಅವರ ಅಳಿಯ ಡಾ. ಹ್ಯಾನ್ಸನ್ ಒಪ್ಪಲಿಲ್ಲ. ಒಂದೇ ಮನೆ ಎಂದರೆ ಒಂದೇ ರಕ್ತ ಮಾತ್ರವಲ್ಲ, ಒಂದೇ ಗಾಳಿಯೂ ಹೌದಲ್ಲವೇ? 1873ರಲ್ಲಿ ಅವರು ರೋಗಿಯ ಚರ್ಮದ ಗಂಟಿನಲ್ಲಿ ಕಡ್ಡಿಯಾಕಾರದ ರೋಗಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. (ಫಾದರ್ ಡೇಮಿಯನ್ ಮೊಲೊಕೈ ದ್ವೀಪದ ಕುಷ್ಠರೋಗಿಗಳ ನಡುವೆ ಬಾಳಲು ಹೋದದ್ದೂ ಅದೇ ವರ್ಷ.)

ಆದರೆ ಕಂಡರೆ ಸಾಕೇ? ಹುಣ್ಣಿನ ಮೇಲೆ ನೊಣ ಕೂತಿದೆ ಅಂತ ಹುಣ್ಣು ಮಾಡಿದ್ದೇ ನೊಣ ಅನ್ನೋಕಾಗುತ್ತಾ? ಆ ರೋಗಾಣುವನ್ನು ದೇಹದ ಹೊರಗೆ ಬೆಳೆಸಬೇಕು, ಆರೋಗ್ಯವಾಗಿರುವ ಪ್ರಾಣಿಗೆ ಕೊಟ್ಟಾಗ ಅದೇ ರೋಗ ಬರಬೇಕು, ಅದರಲ್ಲಿ ಮತ್ತೆ ಅದೇ ರೋಗಾಣು ಸಿಗಬೇಕು. ಕ್ಷಯರೋಗದ ವಿಷಯದಲ್ಲಿ ರಾಬರ್ಟ್ ಕಾಕ್ 1882ರಲ್ಲಿ ಇದನ್ನೆಲ್ಲ ಮಾಡಿ ತೋರಿಸಿದರು. ಕುಷ್ಠದ ರೋಗಾಣು ಮಾತ್ರ ಹೊರಗೆ ಬೆಳೆಯಲೇ ಇಲ್ಲ. ಹ್ಯಾನ್ಸನ್ 1879ರಲ್ಲಿ ಆಸ್ಪತ್ರೆಯಲ್ಲಿದ್ದ ರೋಗಿ ಹೆಂಗಸೊಬ್ಬಳ ಕಣ್ಣಿಗೆ ಇನ್ನೊಬ್ಬ ರೋಗಿಯ ಗಂಟಿನ ಅಂಶವನ್ನು ಚುಚ್ಚಿ ನೋಡಿದರು. ಅವಳನ್ನು ಒಂದು ಮಾತು ಕೇಳಲಿಲ್ಲ. ಅವರು ಹುಡುಕುತ್ತಿದ್ದ ಪುರಾವೆಯೂ ಸಿಗಲಿಲ್ಲ. 1880ರಲ್ಲಿ ನ್ಯಾಯಾಲಯ ಅವರನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಹ್ಯಾನ್ಸನ್ ಮೇಲೆ ನಮಗೆ ಗೌರವವಿದೆ, ಆದರೆ ಈ ವಿಷಯದಲ್ಲಿ ನಾವು ಆ ಹೆಂಗಸಿನ ಪಕ್ಷ. ಬಡರೋಗಿ ಅಂದ ಮಾತ್ರಕ್ಕೆ ಕೇಳದೆ ಕೈ ಹಾಕಬಹುದು ಅನ್ನುವ ಬುದ್ಧಿ ಇಂದಿಗೂ ಪೂರ್ತಿ ಹೋಗಿಲ್ಲ.

ಕೊನೆಗೆ 1960ರಲ್ಲಿ ಇಲಿಯ ಅಂಗಾಲಿನಲ್ಲಿ ಈ ರೋಗಾಣು ಬೆಳೆಯಿತು. 1971ರಲ್ಲಿ ಆರ್ಮಡಿಲ್ಲೊ ಎಂಬ, ಮೈಮೇಲೆ ಚಿಪ್ಪಿರುವ ಅಮೆರಿಕದ ಪ್ರಾಣಿಗೆ ಕೊಟ್ಟಾಗ ರೋಗವೇ ಬಂತು. ಈ ರೋಗಾಣುವಿಗೆ ತಂಪು ಬೇಕು, ಆ ಪ್ರಾಣಿಯ ಮೈ ತಂಪು. ಪ್ರಯೋಗಾಲಯದ ತಟ್ಟೆಯಲ್ಲಿ ಇಂದಿಗೂ ಬೆಳೆದಿಲ್ಲ. ಆದರೂ ಸಾಕ್ಷಿ ಮಾತ್ರೆಯಲ್ಲೇ ಇದೆ: 1980ರ ದಶಕದಿಂದ ಕೊಡುತ್ತಿರುವ ಬಹು ಔಷಧಿ ಚಿಕಿತ್ಸೆಯಿಂದ ರೋಗಾಣು ಸಾಯುತ್ತದೆ, ರೋಗ ವಾಸಿಯಾಗುತ್ತದೆ. ಶಾಪವಾಗಿದ್ದರೆ ಮಾತ್ರೆಗೆ ಹೋಗುತ್ತಿತ್ತೇ?

ಆ ತಾಯಿಗೆ ಹೇಳಿದೆವು: ಅಜ್ಜಿಯ ರೋಗ ಮೊಮ್ಮಗಳ ರಕ್ತಕ್ಕೆ ಇಳಿಯುವುದಿಲ್ಲ. ಚಿಕಿತ್ಸೆ ಪಡೆಯದವರ ಜೊತೆ ಬಹುಕಾಲ ಒಟ್ಟಿಗೆ ಇದ್ದವರಿಗೆ ಹರಡಬಹುದು; ಅವರಲ್ಲೂ ಹೆಚ್ಚಿನವರಿಗೆ ಬರುವುದಿಲ್ಲ. ಕಾನೂನು ಕೂಡ ತಡವಾಗಿ ಒಪ್ಪಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯೂ ಸೇರಿ ಹಲವು ಕಾಯ್ದೆಗಳಲ್ಲಿ ವಿಚ್ಛೇದನಕ್ಕೆ ಕಾರಣವಾಗಿದ್ದ ಕುಷ್ಠರೋಗವನ್ನು 2019ರಲ್ಲಿ ಸಂಸತ್ತು ಕೈಬಿಟ್ಟಿತು.

ಚರ್ಮದ ಮೇಲೆ ಬಣ್ಣ ಮಾಸಿದ ಅಥವಾ ಕೆಂಪಗಿನ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು. ಮಾತ್ರೆ ಉಚಿತ, 6 ತಿಂಗಳು ಅಥವಾ 12 ತಿಂಗಳು.