ಸದ್ದಿಲ್ಲದೆ ಸೋಲುವ ಮೂತ್ರಪಿಂಡಗಳು: ಮನೆಯಲ್ಲೇ ಎಚ್ಚರಿಸುವ ಪುಟ್ಟ ಉಪಕರಣಗಳು

ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಹಾಕುತ್ತವೆ. ಹಗಲಿರುಳೆನ್ನದೆ ನಡೆಯುವ ಈ ಕಾಯಕದಲ್ಲಿ ಸದ್ದಿಲ್ಲ, ದೂರಿಲ್ಲ. ದುರ್ದೈವವೆಂದರೆ, ಅವು ಕೆಡುವಾಗಲೂ ಸದ್ದು ಮಾಡುವುದಿಲ್ಲ. ಕಾಲು ಬಾತು, ಮುಖ ಊದಿ, ಊಟ ಸೇರದಂತಾಗಿ ವೈದ್ಯರ ಬಳಿಗೆ ಧಾವಿಸುವ ಹೊತ್ತಿಗೆ ಅವುಗಳ ಶಕ್ತಿಯ ಬಹುಭಾಗ ನಶಿಸಿರುತ್ತದೆ. ಆಮೇಲೆ ಉಳಿಯುವುದು ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿಯೂ ಸುಮಾರು ನಾಲ್ಕು ಗಂಟೆಗಳ ಡಯಾಲಿಸಿಸ್. ಇಲ್ಲವೆ ಮೂತ್ರಪಿಂಡದ ಕಸಿ.

"ನಾವು ಶಾಕಾಹಾರಿಗಳು, ದುಶ್ಚಟಗಳಿಲ್ಲದವರು, ನಮಗೇಕೆ ಈ ರೋಗ?" ಎಂದು ಕೇಳುವವರು ನಮ್ಮಲ್ಲಿ ಅನೇಕರು. ಈ ನೆಮ್ಮದಿ ಪೂರ್ತಿ ಸರಿಯಲ್ಲ. ಮೂತ್ರಪಿಂಡಗಳನ್ನು ಕೆಡಿಸುವವರಲ್ಲಿ ಮುಖ್ಯರು ಇಬ್ಬರು: ಮಧುಮೇಹ ಮತ್ತು ರಕ್ತದೊತ್ತಡ. ಇವರು ಮನೆಯ ಊಟ ಯಾವುದೆಂದು ಕೇಳಿ ಬರುವವರಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ. ಮಂಡಿನೋವಿಗೆಂದು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವ ಮಾತ್ರೆಗಳೂ ಮೂತ್ರಪಿಂಡಕ್ಕೆ ಹಾನಿಕರ.

ಹಾಗಾದರೆ ಮೊದಲ ಸುಳಿವು ಎಲ್ಲಿ ಸಿಗುತ್ತದೆ? ಮೂತ್ರದಲ್ಲಿ. ಸೋಸುವ ಜಾಲರಿ ಸಡಿಲವಾದೊಡನೆ ಆಲ್ಬುಮಿನ್ ಎಂಬ ಸಸಾರಜನಕ ಅಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಹೆಚ್ಚಿನ ಆಲ್ಬುಮಿನ್ ಮೂರು ತಿಂಗಳ ಕಾಲ ಕಂಡುಬಂದರೆ ಅದು ರೋಗದ ಲಕ್ಷಣ. ರಕ್ತದ ಕ್ರಿಯಾಟಿನಿನ್ ಸ್ಪಷ್ಟವಾಗಿ ಏರುವುದು ಬಹಳ ತಡವಾಗಿ.

ಆದರೆ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಿಂದ ಹಿರಿಯರನ್ನು ಪರೀಕ್ಷೆಗಾಗಿ ತುಮಕೂರಿಗೆ ಕರೆತರುವುದೆಂದರೆ ಒಂದು ದಿನದ ದುಡಿಮೆ ಬಿಟ್ಟಂತೆ. ಈ ತೊಡಕಿಗೆ ಉತ್ತರವೊಂದು ನಮ್ಮ ನಾಡಿನಲ್ಲಿಯೇ ಸಿದ್ಧವಾಗಿರುವುದು ಅಭಿಮಾನದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಮತ್ತು ಅವರ ಸಂಗಡಿಗರ ಸಂಶೋಧನೆಯಿಂದ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿತು. ಅದರ ಅನುಪಾಥ್ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ರಾಸಾಯನಿಕ ಲೇಪಿಸಿದ ಪಟ್ಟಿಯ ಮೇಲೆ ಒಂದು ಹನಿ ಬಿದ್ದಾಗ ಉಂಟಾಗುವ ಸೂಕ್ಷ್ಮ ವಿದ್ಯುತ್ತನ್ನು ಅದು ಅಳೆಯುತ್ತದೆ. ಮಧುಮೇಹ, ರಕ್ತಹೀನತೆಗಳ ಜೊತೆಗೆ ಮೂತ್ರದ ಆಲ್ಬುಮಿನ್ ಪ್ರಮಾಣವನ್ನೂ ತಿಳಿಸುತ್ತದೆ. ಪ್ರಯೋಗಾಲಯವೇ ರೋಗಿಯ ಬಳಿಗೆ ಬಂದಂತಾಯಿತು.

ಹೊರದೇಶಗಳಲ್ಲಿಯೂ ಇಂಥ ಪ್ರಯತ್ನಗಳು ಸಾಗಿವೆ. ಮನೆಯಲ್ಲೇ ಮೂತ್ರದ ಪಟ್ಟಿಯನ್ನು ಮೊಬೈಲ್ ಕ್ಯಾಮೆರಾದಿಂದ ಓದಿಸಿ ಆಲ್ಬುಮಿನ್ ತಿಳಿಯುವ ವಿಧಾನವೊಂದಕ್ಕೆ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಸಮ್ಮತಿ ನೀಡಿತು. ತೋಳಿಗೆ ಅಂಟಿಸಿಕೊಂಡು ಎರಡು ವಾರ ಸಕ್ಕರೆಯ ಏರಿಳಿತವನ್ನು ತೋರಿಸುವ ಸೆನ್ಸರ್ ನಮ್ಮ ದೇಶದಲ್ಲಿಯೂ ದೊರೆಯುತ್ತದೆ. ಬೆವರಿನಿಂದ ಯೂರಿಯಾ, ಕ್ರಿಯಾಟಿನಿನ್‌ಗಳನ್ನು ಅಳೆಯುವ ಚರ್ಮಪಟ್ಟಿಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಅವನ್ನು ನಂಬಿ ರಕ್ತಪರೀಕ್ಷೆಯನ್ನು ಕೈಬಿಡುವಂತಿಲ್ಲ.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ತೆಂಗಿನ ನಾಡಾದ ಇಲ್ಲಿ ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು ಒಯ್ಯುವುದು ಪ್ರೀತಿಯ ರೂಢಿ. ಎಳನೀರಿನಲ್ಲಿಯೂ ಬಾಳೆಹಣ್ಣಿನಲ್ಲಿಯೂ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡಗಳು ಬಹಳ ಕೆಟ್ಟಿರುವವರ ರಕ್ತದಲ್ಲಿ ಅದು ಉಳಿದುಬಿಟ್ಟರೆ, ಯಾವ ಮುನ್ಸೂಚನೆಯೂ ಇಲ್ಲದೆ ಹೃದಯದ ಬಡಿತವೇ ನಿಲ್ಲಬಹುದು. ಕೈಬೆರಳಿನಿಂದ ಇ.ಸಿ.ಜಿ. ಪಡೆದು ಪೊಟ್ಯಾಸಿಯಂ ಏರಿಕೆಯನ್ನು ಗುರುತಿಸುವ ಸಂಶೋಧನೆ ನಡೆದಿದೆಯಾದರೂ ಇಂದಿಗೆ ರಕ್ತಪರೀಕ್ಷೆಯೇ ಆಧಾರ. ಆದ್ದರಿಂದ ಇಂಥವರಿಗೆ ಎಳನೀರು ಕೊಡುವ ಮುನ್ನ ಅವರ ವೈದ್ಯರನ್ನು ಕೇಳುವುದೇ ನಿಜವಾದ ಪ್ರೀತಿ.

ಹೊಸ ಉಪಕರಣ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ. ಎರಡು ಹಳೆಯ ಸಾಧನಗಳು ಇಂದೇ ಮನೆಗೆ ಬರಬಹುದು. ಒಂದು, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವ ಯಂತ್ರ. ಮಣಿಕಟ್ಟಿನ ಗಡಿಯಾರಗಳು ತೋರಿಸುವ ಅಂಕಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. ಇನ್ನೊಂದು, ತೂಕದ ಯಂತ್ರ. ಡಯಾಲಿಸಿಸ್ ಪಡೆಯುವವರ ತೂಕ ಎರಡು ದಿನಗಳಲ್ಲಿ ಏರಿತೆಂದರೆ ಅದು ಪುಷ್ಟಿಯಲ್ಲ, ದೇಹದಲ್ಲಿ ನಿಂತ ನೀರು.

ರಕ್ತದೊತ್ತಡ ನೋಡುವ ಮುನ್ನ ಐದು ನಿಮಿಷ ಮಾತಿಲ್ಲದೆ ಕುಳಿತಿರಬೇಕು, ಕಾಫಿ ಕುಡಿದಿರಬಾರದು. ಬೆಳಗಿನ ಲಿಂಗಪೂಜೆ ಮುಗಿಸಿದ ಶಾಂತ ಗಳಿಗೆಗಿಂತ ಇದಕ್ಕೆ ತಕ್ಕ ಸಮಯ ಯಾವುದಿದೆ? ಮನೆಯ ಮಕ್ಕಳು ಅಂಕಿಗಳನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಲಿ. ವೈದ್ಯರ ಮುಂದೆ ಅದನ್ನು ಇಡಲಿ. ಯಂತ್ರ ಸಾಕ್ಷಿ ಹೇಳಬಲ್ಲದು, ತೀರ್ಪು ಕೊಡುವವರು ವೈದ್ಯರೇ. ಅಂಕಿ ಚೆನ್ನಾಗಿದೆಯೆಂದು ಮಾತ್ರೆ ನಿಲ್ಲಿಸುವುದು ಅಪಾಯ. ಮಧುಮೇಹ, ರಕ್ತದೊತ್ತಡ ಉಳ್ಳವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಎರಡನ್ನೂ ಪರೀಕ್ಷಿಸಿಕೊಳ್ಳಬೇಕು.

ಎಲ್ಲ ಮನೆಗಳಿಗೂ ಯಂತ್ರ ಕೊಳ್ಳುವ ಶಕ್ತಿಯಿಲ್ಲ ಎಂಬುದು ನಿಜ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಲೋಕಕ್ಕೆ ತೋರಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ನಡೆದಾಡಿದ ನೆಲ ಇದು. ಎಡೆಯೂರಿನ ಸಿದ್ಧಲಿಂಗೇಶ್ವರರ, ಗುಬ್ಬಿಯ ಚನ್ನಬಸವೇಶ್ವರರ ಸನ್ನಿಧಿಗೆ ಭಕ್ತರು ಸಾವಿರಗಟ್ಟಲೆ ಸೇರುತ್ತಾರೆ. ಅಲ್ಲಿ ಪ್ರಸಾದದ ಸಾಲಿನ ಪಕ್ಕದಲ್ಲೊಂದು ಪರೀಕ್ಷೆಯ ಮೇಜು ಇದ್ದರೆ, ಬೀದಿಗೊಬ್ಬರು ತಮ್ಮ ಯಂತ್ರವನ್ನು ನೆರೆಯವರಿಗೂ ಬಳಸಲು ಕೊಟ್ಟರೆ, ಅದೂ ದಾಸೋಹವೇ. ಕಾಯವನ್ನು ಶಿವನ ನೆಲೆಯೆಂದು ಕಂಡ ಪರಂಪರೆ ನಮ್ಮದು. ಆ ನೆಲೆಯ ಗೋಡೆ ಬಿರುಕು ಬಿಡುವ ಮುನ್ನವೇ ನೋಡಿಕೊಳ್ಳುವ ಹೊಣೆ ಪ್ರತಿ ಮನೆಯದು.