ಗೇಟಿನ ಹೊರಗಿನ ಹೊಗೆ

ವಿಶೇಷ ಆರ್ಥಿಕ ವಲಯಗಳು ತಮ್ಮ ಹಸಿರುತನಕ್ಕೆ ಸಾಕ್ಷಿಯಾಗಿ ಚಾವಣಿಯ ಸೌರಫಲಕ, ಸಾಲುಮರ, ಸಂಸ್ಕರಿಸಿದ ನೀರನ್ನು ತೋರಿಸುತ್ತವೆ. ಎಲ್ಲವೂ ಬೇಕಾದವೇ. ಆದರೆ ವಲಯವೆಂದರೆ ಮೂಲತಃ ಸರಕು ಬಂದು ಹೋಗುವ ಜಾಗ. ಅದರ ಹೊಗೆಯ ದೊಡ್ಡ ಪಾಲು ಗೇಟಿನಾಚೆಯ ದಾರಿಯಲ್ಲಿ ಏಳುತ್ತದೆ. 2005ರ ಕಾಯ್ದೆ ವಲಯವನ್ನು ಸುಂಕದ ಮಟ್ಟಿಗೆ ದೇಶದ ಹೊರಗಿನ ನೆಲವೆಂದೇ ಎಣಿಸುತ್ತದೆ. ಲಾರಿಯ ಹೊಗೆಗೆ ಅಂಥ ಗಡಿಯಿಲ್ಲ.

ಮಂಗಳೂರನ್ನೇ ನೋಡಿ. ಬಜ್ಪೆ-ಪೆರ್ಮುದೆ ಆಸುಪಾಸಿನ ಆರ್ಥಿಕ ವಲಯಕ್ಕೆ ಪಣಂಬೂರಿನ ಬಂದರು ಕೂಗಳತೆಯಲ್ಲಿದೆ. ತೊಡಕಿರುವುದು ಪೂರ್ವಕ್ಕೆ, ಘಟ್ಟದಲ್ಲಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಲಾರಿಗಳು ಗುಂಡ್ಯದಲ್ಲೋ ಮಾರನಹಳ್ಳಿಯಲ್ಲೋ ಸಾಲುಗಟ್ಟಿ ನಿಲ್ಲಬೇಕು, ಇಲ್ಲವೇ ಸಂಪಾಜೆ ಸುತ್ತಬೇಕು. ಬೇರೆ ದಾರಿ ಸಾಧ್ಯವೆಂಬುದಕ್ಕೆ ಪುರಾವೆ ಇದೇ ಘಟ್ಟದಲ್ಲಿದೆ. ಮಂಗಳೂರಿನ ತೈಲಾಗಾರದಿಂದ ಹಾಸನದ ಮೂಲಕ ಬೆಂಗಳೂರಿನತ್ತ ಸುಮಾರು 360 ಕಿ.ಮೀ. ಕೊಳವೆ ಮಾರ್ಗ 2003ರಲ್ಲಿ ಶುರುವಾಯಿತು. ಅಂದಿನಿಂದ ಪೆಟ್ರೋಲ್, ಡೀಸೆಲ್ ಸದ್ದಿಲ್ಲದೆ ಘಟ್ಟ ಹತ್ತುತ್ತಿವೆ. 2013ರಲ್ಲಿ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡು ಹಲವರ ಜೀವ ಹೋದದ್ದನ್ನು ನೆನೆದರೆ, ಇದು ಬರೀ ಇಂಗಾಲದ ಲೆಕ್ಕವಲ್ಲ ಎಂದೂ ತಿಳಿಯುತ್ತದೆ.

ಕಾಫಿ, ಗೋಡಂಬಿ, ಯಂತ್ರದ ಬಿಡಿಭಾಗಗಳು ಕೊಳವೆಯಲ್ಲಿ ಹರಿಯುವುದಿಲ್ಲವಲ್ಲ ಎನ್ನಬಹುದು. ನಿಜ, ಅವಕ್ಕೆ ರೈಲೇ ಗತಿ. ಅದೂ ಸಲೀಸಲ್ಲ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. 50 ಮೀಟರಿಗೆ ಒಂದು ಮೀಟರ್ ಏರು. ಭಾರದ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. 2024ರ ಜುಲೈಯಲ್ಲಿ ಎಡಕುಮೇರಿ ಬಳಿ ಹಳಿಯಡಿಯ ಮಣ್ಣೇ ಜಾರಿತ್ತು. ಹಾಗೆಂದು ಜೋಡಿ ಹಳಿಗಾಗಿ ಇನ್ನಷ್ಟು ಕಾಡು ಕಡಿಯಿರಿ ಎನ್ನುವುದು ಹಸಿರಿನ ಹೆಸರಲ್ಲಿ ಹಸಿರಿಗೇ ಕೊಡಲಿ. ಇರುವ ಒಂಟಿ ಹಳಿಯಲ್ಲಿ ಸರಕಿಗೆ ನಿಗದಿತ ವೇಳೆ ಕೊಡಿ ಎಂಬುದಷ್ಟೇ ಬೇಡಿಕೆ. ಸಣ್ಣ ಉದ್ಯಮಿಗಳ ಆಕ್ಷೇಪ ಇದಕ್ಕಿಂತ ಗಟ್ಟಿ: 45 ವ್ಯಾಗನ್ನಿನ ರೇಕ್ ತುಂಬಿಸಲು 20 ಅಡಿಯ 90 ಕಂಟೇನರ್ ಬೇಕು, ಒಬ್ಬರಿಂದ ಆಗುವ ಮಾತಲ್ಲ. ಆದ್ದರಿಂದಲೇ ಇದು ವಲಯದ ಆಡಳಿತದ ಕೆಲಸ. ಹತ್ತಾರು ಘಟಕಗಳ ಸರಕನ್ನು ಒಟ್ಟುಮಾಡಿ, ವಾರಕ್ಕೆ ಇಂತಿಷ್ಟು ಗಾಡಿ ಎಂದು ರೈಲ್ವೆಯೊಡನೆ ಕರಾರು ಮಾಡಿಕೊಳ್ಳಬೇಕು. ಮೊದಲ ವರ್ಷಗಳಲ್ಲಿ ಖಾಲಿ ವ್ಯಾಗನ್ನಿನ ನಷ್ಟವನ್ನೂ ಹೊರಬೇಕು. ರಸ್ತೆ, ನೀರು, ಕರೆಂಟಿಗೆ ಬಂಡವಾಳ ಹಾಕುವವರಿಗೆ ಇದೊಂದು ಹೊರೆಯಾಗಬಾರದು. ವಿದ್ಯುತ್ ಲಾರಿ ಬಂದರೆ ಹೊಗೆ ತಗ್ಗೀತು, ಆದರೆ ಗುಡ್ಡ ಜರಿದಾಗ ಅದೂ ಗುಂಡ್ಯದ ಸಾಲಿನಲ್ಲೇ ನಿಲ್ಲುತ್ತದೆ. ಬಂದರಿನಿಂದ ವಲಯದವರೆಗಿನ ಗಿಡ್ಡ ಓಡಾಟಕ್ಕೆ ಅದು ಸರಿ. ಯಾವ ಸರಕು ಯಾವುದರಲ್ಲಿ ಎಂಬುದನ್ನು ನಿವೇಶನ ಕೊಡುವಾಗಲೇ ಕೇಳಬೇಕು. ಶೆಡ್ ಎದ್ದು, ಲಾರಿ ಮಾಲೀಕರೊಡನೆ ಒಪ್ಪಂದವಾದ ಮೇಲೆ ಯಾರೂ ಹಳಿಯ ಕಡೆ ತಿರುಗಿ ನೋಡುವುದಿಲ್ಲ.